ಮುಂಗೋಡೆಯಷ್ಟೇ ಉಳಿದ ಬೆಟ್ಟದೂರುಗಳು

ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಪುಟ್ಟ ಊರು ಸರೋವರಕ್ಕೂ ಅದರ ಬೆನ್ನಿಗೇ ಗೋಡೆಯಂತೆ ಎದ್ದ ಆಲ್ಪ್ಸ್ ಬೆಟ್ಟಕ್ಕೂ ನಡುವೆ ಉಳಿದ ಕಿರಿದಾದ ಅಂಚಿನ ಮೇಲೆ ಕುಳಿತಿದೆ. ಜನಸಂಖ್ಯೆ 800ನ್ನೂ ಮುಟ್ಟುವುದಿಲ್ಲ. ಅಲ್ಲಿನ ಉಪ್ಪಿನ ಗಣಿಗಾರಿಕೆಗೆ ಮೂರು ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಯುರೋಪಿನ ಆದಿ ಕಬ್ಬಿಣಯುಗದ ಸಂಸ್ಕೃತಿಯೊಂದಕ್ಕೆ ಪುರಾತತ್ತ್ವಜ್ಞರು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. 2012ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಈ ಊರಿನ ಪ್ರತಿಕೃತಿಯೊಂದು ಉದ್ಘಾಟನೆಯಾಯಿತು. ಚರ್ಚಿನ ಗೋಪುರ, ಚೌಕ, ಇಳಿಜಾರು ಮಾಡು, ಮರದ ಮೊಗಸಾಲೆ ಎಲ್ಲವನ್ನೂ ನೋಡಿ ನೋಡಿ ಕಟ್ಟಿದ ವಸತಿ ಬಡಾವಣೆ ಅದು.

ಆ ನಕಲನ್ನು ಕಂಡು ನಕ್ಕವರು ಬಹಳ. ನನಗೆ ಮಾತ್ರ ಅದು ಒಂದು ಒಳ್ಳೆಯ ಪರೀಕ್ಷೆಯಂತೆ ಕಾಣುತ್ತದೆ. ಒಂದು ಊರಿನಿಂದ ಎತ್ತಿಕೊಂಡು ಹೋಗಿ ಬೇರೆಡೆ ನಿಲ್ಲಿಸಬಹುದಾದದ್ದು ಏನು, ನಿಲ್ಲಿಸಲಾಗದೆ ಉಳಿಯುವುದು ಏನು ಎಂಬುದನ್ನು ಅದು ಬಿಡಿಸಿ ತೋರಿಸಿತು. ಮುಂಗೋಡೆಗಳು ಹೋದವು. ಮನೆಗಳನ್ನು ಹೀಗೆಯೇ, ಇಷ್ಟೇ ಎತ್ತರಕ್ಕೆ, ಒಂದರ ಹೆಗಲ ಮೇಲೆ ಇನ್ನೊಂದು ಎಂಬಂತೆ ಕಟ್ಟುವಂತೆ ಮಾಡಿದ ಆ ಕಡಿದಾದ ನೆಲ, ಆ ನೆಲದಲ್ಲಿ ಇಳಿಯುವ ನೀರು, ಅದರೊಂದಿಗೆ ತಲೆಮಾರುಗಳಿಂದ ಬಾಳಿದ ಜನ ಹೋಗಲಿಲ್ಲ. ಬೆಟ್ಟದೂರೊಂದರ ಚಹರೆ ಎಂದರೆ ಈ ಎರಡನೆಯ ಪಟ್ಟಿ. ಆದರೆ ಬೃಹತ್ ಹೋಟೆಲು, ರೆಸಾರ್ಟು, ವಾಣಿಜ್ಯ ಸಂಕೀರ್ಣಗಳ ಪ್ರಸ್ತಾವ ಬಂದಾಗ ನಡೆಯುವ ಚರ್ಚೆಯೆಲ್ಲ ಮೊದಲನೆಯ ಪಟ್ಟಿಯ ಬಗ್ಗೆ. ಮಾಡು ಇಳಿಜಾರಾಗಿದೆಯೇ, ಗೋಡೆಗೆ ಸ್ಥಳೀಯ ಕಲ್ಲಿನ ಹೊದಿಕೆ ಇದೆಯೇ, ಬಣ್ಣ ಹಳೆಯ ಕಟ್ಟಡಗಳಿಗೆ ಹೊಂದುತ್ತದೆಯೇ ಎಂದು ಕೇಳಲಾಗುತ್ತದೆ. ಇವೆಲ್ಲಕ್ಕೂ ಹೌದು ಎನ್ನುವ ಉತ್ತರ ಪಡೆದ ಯೋಜನೆಯೇ ಊರನ್ನು ಬುಡಸಹಿತ ಬದಲಾಯಿಸಿಬಿಡಬಲ್ಲದು ಎಂಬುದು ಈ ಲೇಖನದ ವಾದ.

ಮೊದಲು ನೆಲದ ಲೆಕ್ಕವನ್ನು ನೋಡೋಣ. ಶಾಲೆಯ ತ್ರಿಕೋನಮಿತಿ ಸಾಕು. ಮೂವತ್ತು ಡಿಗ್ರಿ ಇಳಿಜಾರಿನ ಒಂದು ಬೆಟ್ಟದಲ್ಲಿ ಆರು ಮೀಟರ್ ಆಳದ ಮನೆಗೆ ಜಾಗ ಮಾಡಬೇಕೆಂದರೆ, ಪೂರ್ತಿ ಬೆಟ್ಟವನ್ನು ಕಡಿದೇ ಸಮತಟ್ಟು ಮಾಡಿದರೂ, ಹಿಂಬದಿಯ ಧರೆ ಸುಮಾರು ಮೂರೂವರೆ ಮೀಟರ್ ಎತ್ತರವಿರುತ್ತದೆ. ಒಂದು ಮಹಡಿಯಷ್ಟು. ಕಲ್ಲು ಕಟ್ಟಿ ನಿಲ್ಲಿಸಬಹುದಾದ ಎತ್ತರ. ಅದೇ ಇಳಿಜಾರಿನಲ್ಲಿ ಎರಡು ಬದಿ ಕೋಣೆ, ನಡುವೆ ಓಣಿ ಇರುವ ಹೋಟೆಲಿಗೆ ಹದಿನೈದು ಮೀಟರ್ ಆಳ ಬೇಕು. ಆಗ ಧರೆಯ ಎತ್ತರ ಎಂಟೂವರೆ ಮೀಟರ್ ದಾಟುತ್ತದೆ. ಆಳ ಹೆಚ್ಚಿದ್ದು ಎರಡೂವರೆ ಪಟ್ಟು. ಬಗೆಯಬೇಕಾದ ಮಣ್ಣು ಮಾತ್ರ ಆರು ಪಟ್ಟಿಗಿಂತ ಹೆಚ್ಚು, ಏಕೆಂದರೆ ಮಣ್ಣಿನ ಪ್ರಮಾಣ ಆಳದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಟ್ಟಡ ಐವತ್ತು ಮೀಟರ್ ಉದ್ದವಿದ್ದರೆ ಸುಮಾರು 3,250 ಘನ ಮೀಟರ್ ಮಣ್ಣು ಏಳುತ್ತದೆ. ಒಂದು ಟಿಪ್ಪರಿಗೆ ಎಂಟು ಘನ ಮೀಟರ್ ಎಂದು ಹಿಡಿದರೆ ನಾನೂರು ಲೋಡು. ಬಗೆದ ಮಣ್ಣು ಸಡಿಲವಾಗಿ ಉಬ್ಬುವುದನ್ನೂ ಸೇರಿಸಿದರೆ ಐನೂರರ ಹತ್ತಿರ.

ಈ ಐನೂರು ಲೋಡು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಬೆಟ್ಟದೂರುಗಳಲ್ಲಿ ಉತ್ತರ ಸಾಮಾನ್ಯವಾಗಿ ಒಂದೇ. ರಾತ್ರಿ ಹೊತ್ತು ರಸ್ತೆಯಂಚಿನಿಂದ ಕೆಳಗಿನ ಕಣಿವೆಗೆ. ಅಲ್ಲಿ ಅದು ಮರಗಳ ಬುಡ ಮುಚ್ಚುತ್ತದೆ, ಹಳ್ಳದ ಬಾಯಿ ಕಟ್ಟುತ್ತದೆ, ಮುಂದಿನ ಮಳೆಗಾಲದಲ್ಲಿ ಕೆಳಗಿನ ಓಣಿಯ ಮನೆಗಳಿಗೆ ಕೆಸರಾಗಿ ನುಗ್ಗುತ್ತದೆ. ಕಟ್ಟಿದವರು ಒಬ್ಬರು, ಕೆಸರು ತೆಗೆಯುವವರು ಇನ್ನೊಬ್ಬರು.

ಕಾರು ನಿಲುಗಡೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಒಂದು ಕಾರು ನಿಲ್ಲಲು ಹನ್ನೆರಡೂವರೆ ಚದರ ಮೀಟರ್ ಬೇಕಾದರೆ, ಒಳಗೆ ಬಂದು ತಿರುಗಿ ಹೊರಹೋಗಲು ಮತ್ತಷ್ಟೇ ಬೇಕು. ನೂರು ಕಾರಿಗೆ 2,500 ಚದರ ಮೀಟರ್, ಅರ್ಧ ಎಕರೆಗೂ ಮಿಕ್ಕಿದ ಸಪಾಟು ನೆಲ. ಹದಿನೈದು ಮೀಟರ್ ಆಳದ ತಟ್ಟಿನಲ್ಲಿ ಅದನ್ನು ಹರಡಿದರೆ ನೂರ ಅರವತ್ತು ಮೀಟರಿಗೂ ಹೆಚ್ಚು ಉದ್ದಕ್ಕೆ ಬೆಟ್ಟದ ಪಾದ ಕಡಿಯಬೇಕಾಗುತ್ತದೆ. ಬೆಟ್ಟದೂರಿನಲ್ಲಿ ಅತಿ ದುರ್ಲಭವಾದ ವಸ್ತು ಸಪಾಟು ನೆಲ. ಹಳೆಯವರು ಅದನ್ನು ದೇವಸ್ಥಾನಕ್ಕೆ, ಸಂತೆಗೆ, ಚೌಕಕ್ಕೆ, ಮಕ್ಕಳ ಆಟಕ್ಕೆ ಹಂಚಿಕೊಂಡಿದ್ದರು. ಅಷ್ಟನ್ನೇ ಒಂದು ಸಂಸ್ಥೆ ಎರಡು ದಿನ ತಂಗಿ ಹೋಗುವವರ ಕಾರುಗಳಿಗಾಗಿ ಬೆಟ್ಟ ಕಡಿದು ಹೊಸದಾಗಿ ತಯಾರಿಸಿಕೊಳ್ಳುತ್ತದೆ.

ಶಿಮ್ಲಾದ ಹಳೆಯ ಭಾಗದಲ್ಲಿ ಉಳಿದಿರುವ ಧಜ್ಜಿ ಗೋಡೆಗಳನ್ನು ಹತ್ತಿರದಿಂದ ನೋಡಿದರೆ ಹಳೆಯ ಕಟ್ಟಡಗಳು ಏಕೆ ಚಿಕ್ಕವಾಗಿದ್ದವು ಎಂಬುದು ಅರ್ಥವಾಗುತ್ತದೆ. ಮರದ ಚೌಕಟ್ಟು, ಅದರೊಳಗೆ ಅಡ್ಡ, ಉದ್ದ, ಓರೆಯಾಗಿ ಹಾಯಿಸಿದ ಪಟ್ಟಿಗಳು, ಅವುಗಳ ನಡುವಿನ ಸಣ್ಣ ಸಣ್ಣ ಖಾನೆಗಳಲ್ಲಿ ಕಲ್ಲುಚೂರು ಮತ್ತು ಮಣ್ಣು. ನೆಲ ಅಲುಗಿದಾಗ ಖಾನೆಯೊಳಗಿನ ಮಣ್ಣು ಬಿರುಕು ಬಿಡುತ್ತದೆ, ಕಲ್ಲುಗಳು ಒಂದಕ್ಕೊಂದು ಉಜ್ಜುತ್ತವೆ, ಅಲುಗಾಟದ ಶಕ್ತಿಯನ್ನು ಅವೇ ತಿಂದುಹಾಕುತ್ತವೆ. ಮರದ ಚೌಕಟ್ಟು ನಿಂತೇ ಇರುತ್ತದೆ. ಮಾರನೆಯ ದಿನ ಬಿರುಕಿಗೆ ಮಣ್ಣು ಮೆತ್ತಿದರಾಯಿತು. ಸುಮಾರು 20,000 ಜನರನ್ನು ಬಲಿ ತೆಗೆದುಕೊಂಡ 1905ರ ಕಾಂಗ್ಡಾ ಭೂಕಂಪದ ನೆನಪಿರುವ ಪ್ರಾಂತ್ಯದಲ್ಲಿ ಇದನ್ನು ಬರೀ ಅಲಂಕಾರವೆಂದು ತಿಳಿಯುವುದು ತಪ್ಪು. ಇಂದಿನ ಹೋಟೆಲುಗಳು ಇದೇ ಮರಪಟ್ಟಿಗಳ ವಿನ್ಯಾಸವನ್ನು ಕಾಂಕ್ರೀಟ್ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಕೊಂಡು ಅದನ್ನು ಪಾರಂಪರಿಕ ಶೈಲಿ ಎನ್ನುತ್ತವೆ. ಗೋಡೆಗೆ ಬಳಿದ ಬಣ್ಣ ಅಲುಗಾಟವನ್ನು ತಿನ್ನುವುದಿಲ್ಲ.

ಎತ್ತರದ ನಿಯಮವೂ ಇಳಿಜಾರಿನಲ್ಲಿ ವಿಚಿತ್ರವಾಗಿ ವರ್ತಿಸುತ್ತದೆ. ಮೇಲಿನ ರಸ್ತೆಯಿಂದ ನೋಡಿದರೆ ಎರಡೇ ಮಹಡಿಯ ಸಭ್ಯ ಕಟ್ಟಡ. ಕಣಿವೆಯ ಆಚೆ ದಡದಿಂದ ನೋಡಿದರೆ ಅದಕ್ಕೆ ಏಳು ಮಹಡಿ, ಕೆಳಗಿನ ಐದು ತೆಳ್ಳಗಿನ ಕಂಬಗಳ ಮೇಲೆ. ಬೆಟ್ಟದೂರನ್ನು ಜನ ನೆನಪಿಟ್ಟುಕೊಳ್ಳುವುದು ಆಚೆ ದಡದ ನೋಟದಿಂದಲೇ. ಅಂಗಳದಲ್ಲಿ ನಿಂತು ಅಳತೆಪಟ್ಟಿ ಹಿಡಿದ ಅಧಿಕಾರಿಗೆ ಮಾತ್ರ ಆ ನೋಟ ಸಿಗುವುದಿಲ್ಲ.

ನೆಲದಷ್ಟೇ ಮುಖ್ಯವಾದದ್ದು ನೀರಿನ ದಾರಿ. 1880ರ ಸೆಪ್ಟೆಂಬರ್ 18ರಂದು ನೈನಿತಾಲಿನಲ್ಲಿ ಸತತ ಮಳೆಯ ನಂತರ ಶೇರ್ ಕಾ ಡಾಂಡಾ ಬೆಟ್ಟದ ಒಂದು ಭಾಗ ಜಾರಿ 151 ಜನ ಸತ್ತರು. ಇಂದು ಅಲ್ಲಿ ‘ಫ್ಲ್ಯಾಟ್ಸ್’ ಎಂದು ಕರೆಯುವ ಮೈದಾನದ ಒಂದು ಪಾಲು ಆ ದಿನ ಇಳಿದು ಬಂದ ಮಣ್ಣೇ. ಆ ದುರಂತದಿಂದ ಬ್ರಿಟಿಷ್ ಆಡಳಿತ ಕಲಿತ ಪಾಠ ಸರಳವಾಗಿತ್ತು: ಮಳೆನೀರು ಬೆಟ್ಟದೊಳಗೆ ಇಂಗಿ ಮಣ್ಣನ್ನು ಸಡಿಲಗೊಳಿಸುವ ಮುಂಚೆಯೇ ಅದನ್ನು ಹಿಡಿದು ಸರೋವರಕ್ಕೆ ಸಾಗಿಸಬೇಕು. ಅದಕ್ಕಾಗಿ ಬೆಟ್ಟದ ಮೈಮೇಲೆಲ್ಲ ಕಲ್ಲು ಕಟ್ಟಿದ ಕಾಲುವೆಗಳ ಜಾಲವನ್ನೇ ಹೆಣೆದರು. ನನ್ನ ಲೆಕ್ಕದಲ್ಲಿ ನೈನಿತಾಲಿನ ಅತಿ ದೊಡ್ಡ ಪಾರಂಪರಿಕ ನಿರ್ಮಾಣ ಅದು, ಯಾವ ಬಂಗಲೆಯೂ ಅಲ್ಲ. ಆದರೂ ಪ್ರವಾಸಿ ಫೋಟೊದಲ್ಲಿ ಬರುವುದು ಬಂಗಲೆ; ಕಾಲುವೆಯ ಮೇಲೆ ಚಪ್ಪಡಿ ಎಳೆದು ಅಂಗಡಿ, ಕೋಣೆ ಕಟ್ಟಿಕೊಳ್ಳುತ್ತಾರೆಂಬ ದೂರು ಮಾತ್ರ ದಶಕಗಳಿಂದ ಇದೆ. 1995ರಲ್ಲಿ ಸುಪ್ರೀಂ ಕೋರ್ಟ್ ನೈನಿತಾಲಿನ ಪಟ್ಟಣ ಪ್ರದೇಶದಲ್ಲಿ ಬಹುಮಹಡಿ ಗುಂಪು ವಸತಿ ಮತ್ತು ವಾಣಿಜ್ಯ ಸಂಕೀರ್ಣಗಳನ್ನು ನಿಷೇಧಿಸಬೇಕೆಂದು ಹೇಳಿದ್ದರ ಹಿಂದೆ ಸರೋವರದ ಸ್ಥಿತಿಯೂ ಇತ್ತು, ಬೆಟ್ಟದ ಸ್ಥಿತಿಯೂ ಇತ್ತು.

ಜೋಶಿಮಠದ ಕಥೆ ಇನ್ನೂ ಕಠೋರ. ಶಂಕರಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡ ಆ ಪ್ರಾಚೀನ ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಎಂದೋ ಜಾರಿ ಬಂದು ನಿಂತ ಕಲ್ಲು ಮಣ್ಣಿನ ರಾಶಿಯ ಮೇಲೆ ಎಂದು 1976ರಷ್ಟು ಹಿಂದೆಯೇ ಮಿಶ್ರಾ ಸಮಿತಿ ವರದಿ ಕೊಟ್ಟಿತ್ತು. ಭಾರೀ ಕಟ್ಟಡ ಬೇಡ, ಬಂಡೆಗಳನ್ನು ಸಿಡಿಸುವುದು ಬೇಡ, ಮರ ಕಡಿಯುವುದು ಬೇಡ, ಚರಂಡಿ ಸರಿ ಮಾಡಿ ಎಂಬುದು ಅದರ ತಿರುಳು. ಮುಂದಿನ ನಲವತ್ತಾರು ವರ್ಷಗಳಲ್ಲಿ ಯಾತ್ರೆ ಬೆಳೆಯಿತು, ಹೋಟೆಲುಗಳು ಬೆಳೆದವು, ರಸ್ತೆ ಮತ್ತು ಜಲವಿದ್ಯುತ್ ಕಾಮಗಾರಿಗಳು ಬಂದವು, ಇಡೀ ಊರಿಗೆ ಸಾಲುವ ಒಳಚರಂಡಿ ಮಾತ್ರ ಬರಲಿಲ್ಲ. ಸ್ನಾನದ ಕೋಣೆಗಳು ಹೆಚ್ಚಿದಷ್ಟೂ ನೀರು ಆ ಸಡಿಲ ರಾಶಿಯೊಳಗೇ ಇಂಗಿತು. 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರ ನಡುವಿನ ಹನ್ನೆರಡು ದಿನಗಳಲ್ಲಿ ಊರು 5.4 ಸೆಂಟಿಮೀಟರ್ ಕುಸಿಯಿತೆಂದು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಉಪಗ್ರಹ ವಿಶ್ಲೇಷಣೆ ತೋರಿಸಿತು. ಒಂದರ ಪಕ್ಕ ಒಂದು ನಿಂತಿದ್ದ ಎರಡು ಹೋಟೆಲುಗಳು ವಾಲಿ ಪರಸ್ಪರ ಒರಗಿಕೊಂಡವು. ಕೆಳಗಿನ ಮನೆಗಳ ಮೇಲೆ ಬೀಳದಿರಲೆಂದು ಅವನ್ನು ಕಳಚಬೇಕಾಯಿತು. ಕುಸಿತಕ್ಕೆ ಹೋಟೆಲುಗಳೇ ಕಾರಣವೆಂದು ಹೇಳುವುದು ಅತಿಸರಳವಾದೀತು, ಜಲವಿದ್ಯುತ್ ಸುರಂಗದ ಪಾತ್ರದ ಬಗ್ಗೆಯೂ ಗಂಭೀರ ವಿವಾದವಿದೆ. ಆದರೆ ಆ ನೆಲ ಎಷ್ಟು ತಾಳುತ್ತದೆ ಎಂದು ಗೊತ್ತಿದ್ದೂ ಹೊರೆ ಏರಿಸುತ್ತ ಹೋದದ್ದರಲ್ಲಿ ವಿವಾದವಿಲ್ಲ.

ನೀರಿನ ಇನ್ನೊಂದು ಮುಖ ಕುಡಿಯುವ ನೀರು. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಸುಮಾರು 2,400 ಮೀಟರ್ ಎತ್ತರದಲ್ಲಿರುವ ಲಿಜಿಯಾಂಗ್ ಹಳೆಯ ಪಟ್ಟಣದಲ್ಲಿ ‘ಮೂರು ಕಣ್ಣಿನ ಬಾವಿ’ ಎಂಬ ಏರ್ಪಾಡಿದೆ. ಮೇಲಿನಿಂದ ಕೆಳಕ್ಕೆ ಸಾಲಾಗಿ ಮೂರು ಕಲ್ಲಿನ ತೊಟ್ಟಿಗಳು. ಊಟೆಯ ನೀರು ಮೊದಲು ಬೀಳುವ ತೊಟ್ಟಿ ಕುಡಿಯಲು, ಅದು ತುಂಬಿ ಹರಿದದ್ದು ಎರಡನೆಯದಕ್ಕೆ, ಅಲ್ಲಿ ಸೊಪ್ಪು ತರಕಾರಿ ತೊಳೆಯುವುದು. ಅದೂ ತುಂಬಿ ಮೂರನೆಯದಕ್ಕೆ, ಅಲ್ಲಿ ಬಟ್ಟೆ ಒಗೆಯುವುದು. ಬಾಗಿಲಿಲ್ಲ, ಬೀಗವಿಲ್ಲ, ಮೀಟರಿಲ್ಲ. ಮೇಲಿನ ತೊಟ್ಟಿಯಲ್ಲಿ ಕಾಲು ತೊಳೆದರೆ ಏನಾಗುತ್ತದೆಂದು ಓಣಿಯ ಪ್ರತಿ ಮಗುವಿಗೂ ಗೊತ್ತಿತ್ತು, ಅಷ್ಟೇ. ಚೌಕದ ಬಳಿ ಹೊಳೆಗೆ ಹಲಗೆ ಅಡ್ಡವಿಟ್ಟು ನೀರನ್ನು ಉಕ್ಕಿಸಿ, ಸಂತೆ ಮುಗಿದ ಮೇಲೆ ಕಲ್ಲುಹಾಸನ್ನೆಲ್ಲ ತೊಳೆದುಬಿಡುವ ಪದ್ಧತಿಯೂ ಅಲ್ಲಿತ್ತು.

1996ರ ಭೂಕಂಪದ ನಂತರ ದುರಸ್ತಿಗೊಂಡ ಲಿಜಿಯಾಂಗ್ 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ರವಾಸಿಗರು ಹೊಳೆಯಂತೆ ಬಂದರು. ಹಳೆಯ ಮನೆಗಳಲ್ಲಿದ್ದ ನಾಶಿ ಸಮುದಾಯದ ಕುಟುಂಬಗಳಿಗೆ ಹೊರಗಿನ ವ್ಯಾಪಾರಿಗಳು ಕೊಡಲು ಬಂದ ಬಾಡಿಗೆ ಅವರ ದುಡಿಮೆಗಿಂತ ದೊಡ್ಡದಾಗಿತ್ತು. ಅವರು ಮನೆ ಕೊಟ್ಟು ಹೊಸ ಪಟ್ಟಣಕ್ಕೆ ಹೋದರು. ಇದನ್ನು ದುರಾಸೆ ಎನ್ನಲು ನನಗೆ ಮನಸ್ಸಿಲ್ಲ. ಅವರ ಜಾಗದಲ್ಲಿದ್ದರೆ ಹೆಚ್ಚಿನವರು ಅದನ್ನೇ ಮಾಡುತ್ತಿದ್ದರು. ಇಂದಿಗೂ ಅಲ್ಲಿ ಮರದ ಜಾಲರಿ, ಹೆಂಚಿನ ಮಾಡು, ಕಾಲುವೆ ಎಲ್ಲವೂ ಇವೆ, ಚೊಕ್ಕಟವಾಗಿಯೇ ಇವೆ. ಮೂರು ತೊಟ್ಟಿಗಳೂ ಇವೆ, ಫೋಟೊ ತೆಗೆದುಕೊಳ್ಳಲು. ಯಾವ ತೊಟ್ಟಿ ಯಾವುದಕ್ಕೆ ಎಂಬುದನ್ನು ಈಗ ಬರೆದು ತಿಳಿಸಬೇಕಾಗಿದೆ. ರೂಢಿಯಿಂದ ನಡೆಯುತ್ತಿದ್ದದ್ದು ಫಲಕಕ್ಕೆ ಏರಿದ ಹೊತ್ತಿಗೆ ಊರು ಬಹುಪಾಲು ಖಾಲಿಯಾಗಿರುತ್ತದೆ.

ಶಿಮ್ಲಾದಲ್ಲಿ ಇದೇ ಪ್ರಶ್ನೆ ಹೆಚ್ಚು ಒರಟಾಗಿ ಎದುರಾಯಿತು. 1864ರಿಂದ ಬ್ರಿಟಿಷ್ ಭಾರತದ ಬೇಸಿಗೆ ರಾಜಧಾನಿಯಾಗಿದ್ದ ಆ ಊರನ್ನು ಸುಮಾರು 25,000 ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿತ್ತು ಎನ್ನಲಾಗುತ್ತದೆ. 2011ರ ಜನಗಣತಿಯ ಹೊತ್ತಿಗೆ ನಗರಪಾಲಿಕೆಯ ಜನಸಂಖ್ಯೆ 1.69 ಲಕ್ಷ ಮುಟ್ಟಿತ್ತು. ಬೇಸಿಗೆಯ ಪ್ರವಾಸಿಗರು ಇದರ ಮೇಲೆ. ಊರು ಬೆಟ್ಟದ ಏಣಿನ ಮೇಲಿದೆ, ನೀರು ಕೆಳಗಿನ ಹೊಳೆಗಳಲ್ಲಿದೆ. ಕುಡಿಯುವ ಪ್ರತಿ ಲೋಟವನ್ನೂ ಪಂಪು ಮೇಲೆತ್ತಬೇಕು. 2015ರ ಕೊನೆಯಲ್ಲಿ ಅಶ್ವಿನಿ ಖಡ್ಡ್ ಎಂಬ ಹೊಳೆಗೆ ಕೊಳಚೆ ಶುದ್ಧೀಕರಣ ಘಟಕದ ನೀರು ಸೇರಿ, ಅದನ್ನೇ ಕುಡಿದ ಊರಿಗೆ ಕಾಮಾಲೆ ಹರಡಿತು. ಮೇಲಿನ ತೊಟ್ಟಿಯಲ್ಲಿ ಕಾಲು ತೊಳೆದಂತೆಯೇ ಇದು. 2018ರ ಮೇ ತಿಂಗಳಲ್ಲಂತೂ ಬೇಡಿಕೆಯ ಅರ್ಧದಷ್ಟು ನೀರನ್ನೂ ಒದಗಿಸಲಾಗದೆ ಜನ ಕೊಡ ಹಿಡಿದು ಬೀದಿಗೆ ಬಂದರು, ಹೈಕೋರ್ಟು ಮಧ್ಯಪ್ರವೇಶಿಸಿತು. ದಯವಿಟ್ಟು ಬರಬೇಡಿ ಎಂದು ಆ ಊರಿನವರೇ ಪ್ರವಾಸಿಗರನ್ನು ಸಾಮಾಜಿಕ ಜಾಲತಾಣದಲ್ಲಿ ಕೇಳಿಕೊಂಡರು. ಪ್ರವಾಸೋದ್ಯಮವನ್ನೇ ನಂಬಿದ ಊರು ಹಾಗೆ ಕೇಳುವ ಸ್ಥಿತಿಗೆ ಬರುವುದು ಸಣ್ಣ ಮಾತಲ್ಲ.

ಇನ್ನು ರಾತ್ರಿ ಊರಿನಲ್ಲಿ ಮಲಗುವವರು ಯಾರು ಎಂಬ ಪ್ರಶ್ನೆ. ಸ್ವಿಟ್ಜರ್ಲೆಂಡಿನಲ್ಲಿ ಇದಕ್ಕೊಂದು ನೇರ ಹೆಸರಿದೆ, ‘ತಣ್ಣನೆಯ ಹಾಸಿಗೆಗಳು’. ವರ್ಷದಲ್ಲಿ ಕೆಲವೇ ವಾರ ಯಾರಾದರೂ ಮಲಗುವ, ಉಳಿದ ದಿನ ಕಿಟಕಿ ಮುಚ್ಚಿರುವ ರಜಾಮನೆಗಳು. ಹೊರಗಿನಿಂದ ನೋಡಿದರೆ ಊರು ತುಂಬಿದೆ, ಸಂಜೆ ದೀಪ ಎಣಿಸಿದರೆ ಇಲ್ಲ. ಇಂಥ ಊರಿಗೆ ರಸ್ತೆ, ನೀರು, ಚರಂಡಿಗಳನ್ನು ತುಂಬಿದ ವಾರದ ಲೆಕ್ಕದಲ್ಲಿ ಕಟ್ಟಬೇಕು, ಶಾಲೆ, ವೈದ್ಯ, ದಿನಸಿ ಅಂಗಡಿಗಳು ಮಾತ್ರ ಖಾಲಿ ತಿಂಗಳುಗಳ ಲೆಕ್ಕದಲ್ಲಿ ಬದುಕಬೇಕು. 2012ರ ಮಾರ್ಚ್ 11ರಂದು ನಡೆದ ರಾಷ್ಟ್ರೀಯ ಜನಮತದಲ್ಲಿ ಸ್ವಿಸ್ ಮತದಾರರು ಯಾವ ಊರಿನಲ್ಲೂ ಎರಡನೆಯ ಮನೆಗಳು ಶೇ 20ನ್ನು ಮೀರಬಾರದೆಂಬ ಪ್ರಸ್ತಾವವನ್ನು ಶೇ 50.6ರ ಕೂದಲೆಳೆ ಬಹುಮತದಿಂದ ಒಪ್ಪಿದರು. ಗಮನಿಸಬೇಕಾದ ಸಂಗತಿ ಎಂದರೆ ಬೆಟ್ಟದೂರುಗಳೇ ತುಂಬಿರುವ ವಾಲೆ ಪ್ರಾಂತ್ಯ ಅದನ್ನು ಭಾರೀ ಅಂತರದಿಂದ ತಿರಸ್ಕರಿಸಿತ್ತು. ಕಟ್ಟಡ ಕೆಲಸವೇ ಜೀವನಾಧಾರವಾದಲ್ಲಿ ನಿರ್ಬಂಧ ಎಂದರೆ ಹೊಟ್ಟೆಯ ಮೇಲೆ ಹೊಡೆತ. ಬೆಟ್ಟದ ಸೊಬಗನ್ನು ಉಳಿಸಿ ಎಂದು ಮತ ಹಾಕಿದ ಬಯಲಿನ ಶಹರಿನವರಿಗೆ ಅದು ತಟ್ಟುವುದಿಲ್ಲ. 2016ರಲ್ಲಿ ಜಾರಿಗೆ ಬಂದ ಕಾನೂನಿನಲ್ಲೂ ಒಂದು ಕಂಡಿ ಉಳಿಯಿತು. ಜನಮತಕ್ಕೆ ಮುಂಚೆ ಇದ್ದ ಮನೆಗಳನ್ನು ರಜಾಮನೆಯಾಗಿ ಮಾರಲು ಅಡ್ಡಿಯಿಲ್ಲ. ಹೊಸದು ಕಟ್ಟಲು ಬಿಡದಿದ್ದಾಗ ಹಳೆಯ ಮನೆಯ ಬೆಲೆ ಏರಿ, ಊರಿನ ಯುವಕರಿಗೆ ಅದೂ ಕೈಗೆಟುಕದಾಗುತ್ತದೆ. ನಿರ್ಬಂಧದಿಂದಲೇ ಪರಿಹಾರ ಸಿಗುತ್ತದೆ ಎಂದು ನಂಬುವವರು ಈ ಕಂಡಿಯನ್ನು ಸ್ವಲ್ಪ ಹೊತ್ತು ನೋಡಬೇಕು.

ಅಭಿವೃದ್ಧಿಯ ಪರವಾದ ವಾದಕ್ಕೂ ತೂಕವಿದೆ. ಅಮೆರಿಕದ ಕೊಲರಾಡೊದಲ್ಲಿರುವ ಆ್ಯಸ್ಪೆನ್ ಬೆಳ್ಳಿ ಗಣಿಯ ಊರು. 1893ರಲ್ಲಿ ಬೆಳ್ಳಿಯ ಬೆಲೆ ಕುಸಿದ ಮೇಲೆ ಖಾಲಿಯಾಗುತ್ತ ಬಂದು, 1930ರ ಹೊತ್ತಿಗೆ ಏಳುನೂರು ಜನರಷ್ಟೇ ಉಳಿದಿದ್ದರು. ಎರಡನೆಯ ಮಹಾಯುದ್ಧದ ನಂತರ ಸ್ಕೀ ಉದ್ಯಮ ಬಾರದಿದ್ದರೆ ಅಲ್ಲಿನ ಇಟ್ಟಿಗೆಯ ಹಳೆಯ ಕಟ್ಟಡಗಳು ಬಹುಶಃ ಇಂದು ಉಳಿದಿರುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಆಂಡರ್ಮಾಟ್ ಸೈನ್ಯದ ನೆಲೆಯಾಗಿ ಬದುಕಿದ್ದ ಊರು. ಸೈನ್ಯ ಸೊರಗಿದ ಮೇಲೆ ಈಜಿಪ್ಟಿನ ಉದ್ಯಮಿ ಸಮೀಹ್ ಸಾವಿರಿಸ್ ದೊಡ್ಡ ರೆಸಾರ್ಟ್ ಯೋಜನೆ ತಂದಾಗ, ವಿದೇಶಿಯರು ಆಸ್ತಿ ಕೊಳ್ಳುವುದನ್ನು ತಡೆಯುವ ಕಾನೂನಿನಿಂದ ಸರ್ಕಾರವೇ ವಿನಾಯಿತಿ ನೀಡಿತು. ಕಣ್ಣೆದುರೇ ಮುದುಡುತ್ತಿರುವ ಊರಿಗೆ ಚಹರೆಯ ಉಪದೇಶ ರುಚಿಸುವುದಿಲ್ಲ, ರುಚಿಸಬೇಕೆಂದೂ ಇಲ್ಲ. ಶಿಮ್ಲಾವೇ ಒಂದು ಕಾಲದ ಬೃಹತ್ ಯೋಜನೆಯಲ್ಲವೇ ಎಂದು ಯಾರಾದರೂ ಕೇಳಿದರೆ ಅದೂ ನಿಜವೇ. 1888ರಲ್ಲಿ ಮುಗಿದ ವೈಸರಾಯ್ ನಿವಾಸಕ್ಕಿಂತ ದೊಡ್ಡ ಅತಿಕ್ರಮಣ ಆ ಬೆಟ್ಟದ ಮೇಲೆ ಆ ಕಾಲಕ್ಕೆ ಇನ್ನೊಂದಿರಲಿಲ್ಲ. ಆದ್ದರಿಂದ ಬದಲಾವಣೆಯನ್ನೇ ಹಾನಿ ಎನ್ನಲಾಗದು. ಒಂದು ಯೋಜನೆ ಊರಿನ ಅಳತೆಗೆ ಬಂದು ಸೇರುತ್ತದೆಯೋ, ಊರೇ ಅದರ ಅಳತೆಗೆ ಹಿಗ್ಗಬೇಕೋ ಎಂಬಲ್ಲಿ ಗೆರೆ ಎಳೆಯಬೇಕು. ಸಾವಿರ ಜನರ ಊರಿಗೆ ಹತ್ತು ಕೋಣೆಯ ಅತಿಥಿಗೃಹ ಬಂದರೆ ಅದು ಊರಿನಲ್ಲಿರುತ್ತದೆ. ಐನೂರು ಕೋಣೆಯ ರೆಸಾರ್ಟ್ ಬಂದರೆ ನೀರಿನ ಸರದಿ, ಬಸ್ಸಿನ ವೇಳೆ, ಬಾಡಿಗೆಯ ದರ, ಪಂಚಾಯಿತಿಯ ಆದ್ಯತೆ ಎಲ್ಲವೂ ಅದರ ಸುತ್ತ ತಿರುಗತೊಡಗುತ್ತವೆ.

ಕಾನೂನು ಈ ಗೆರೆಯನ್ನು ಹಿಡಿಯಲಾರದೆ ಸೋಲುವುದಕ್ಕೆ ಮುಖ್ಯ ಕಾರಣ, ಅದು ಕಡತ ನೋಡುತ್ತದೆ, ಮೊತ್ತ ನೋಡುವುದಿಲ್ಲ. ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡ ಯೋಜನೆಗೆ ಪೂರ್ವಾನುಮತಿ ಬೇಕಾಗುವುದು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಮೇಲೆ. ಈ ಅಂಕಿ ಬಯಲಿಗೂ ಬೆಟ್ಟಕ್ಕೂ ಒಂದೇ. ಕಡಿದಾದ ಇಳಿಜಾರಿನಲ್ಲಿ 19,000 ಚದರ ಮೀಟರಿನ ಹೋಟೆಲು ಎಷ್ಟು ದೊಡ್ಡದೆಂದು ಮೇಲಿನ ಮಣ್ಣಿನ ಲೆಕ್ಕ ಓದಿದವರಿಗೆ ಹೇಳಬೇಕಿಲ್ಲ. ಅಂಥವು ಮೂರು ಬಂದರೆ ಮೂರು ಕಡತ. ಪ್ರತಿಯೊಂದೂ ತನ್ನ ಕೊಳವೆಯಲ್ಲಿ ಎಷ್ಟು ನೀರು ಎಂದು ಬರೆಯುತ್ತದೆ, ಮೂರಕ್ಕೂ ಸೇರಿ ಹೊಳೆಯಲ್ಲಿ ಎಷ್ಟಿದೆ ಎಂದು ಯಾವುದೂ ಬರೆಯುವುದಿಲ್ಲ.

ಶಿಮ್ಲಾದಲ್ಲಿ ಮೊತ್ತವನ್ನು ನೋಡುವ ಒಂದು ಪ್ರಯತ್ನ ನಡೆಯಿತು. 2017ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಗರದ ಹೃದಯಭಾಗ, ಹಸಿರು ಪಟ್ಟಿ ಮತ್ತು ಅರಣ್ಯ ಪ್ರದೇಶಗಳಲ್ಲಿ ಹೊಸ ಕಟ್ಟಡಗಳನ್ನು ನಿಷೇಧಿಸಿ, ಉಳಿದೆಡೆ ಎರಡು ಮಹಡಿ ಮತ್ತು ಅಟ್ಟಕ್ಕೆ ಮಿತಿ ಹಾಕಿತು. 2023ರ ಆಗಸ್ಟ್ 14ರಂದು ಸಮ್ಮರ್ ಹಿಲ್‌ನ ಶಿವ ದೇವಾಲಯದ ಮೇಲೆ ಭೂಕುಸಿತವಾಗಿ 20 ಜನ ಸತ್ತಾಗ, ಆ ಆದೇಶ ಸರಿಯಾಗಿತ್ತು ಎಂದವರು ಹಲವರು. ಮರು ಜನವರಿ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಯೋಜನೆ ರೂಪಿಸುವುದು ಶಾಸನಬದ್ಧ ಅಧಿಕಾರವುಳ್ಳ ರಾಜ್ಯದ ಕೆಲಸ, ನ್ಯಾಯಮಂಡಳಿ ಅದರಲ್ಲಿ ಕೈಹಾಕುವಂತಿಲ್ಲ ಎಂದು ಹೇಳಿ, 2041ರವರೆಗಿನ ಅಭಿವೃದ್ಧಿ ಯೋಜನೆಗೆ ದಾರಿ ಬಿಟ್ಟಿತು. ಅಧಿಕಾರದ ಪ್ರಶ್ನೆಯಲ್ಲಿ ತೀರ್ಪು ತರ್ಕಬದ್ಧವಾಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಬೆಟ್ಟದ ಮೊತ್ತವನ್ನು ಹಿಡಿಯುವ ಹೊಣೆ ಅಲ್ಲಿಂದ ಪೂರ್ತಿಯಾಗಿ ರಾಜ್ಯದ ಹೆಗಲಿಗೆ ಬಂದಿದೆ; ರಾಜ್ಯವೇ ಹೋಟೆಲು ತೆರಿಗೆಯ ಫಲಾನುಭವಿಯೂ ಹೌದು.

ಬೇರೆ ದಾರಿ ಹಿಡಿದ ಊರುಗಳಿವೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದೊಳಗಿನ ಊರು. ನೆಲ ಸರ್ಕಾರದ್ದು, ಮನೆಯವರಿಗೆ ಗುತ್ತಿಗೆ ಮಾತ್ರ. ಅಲ್ಲಿ ದುಡಿಯುವುದೋ ವ್ಯಾಪಾರ ನಡೆಸುವುದೋ ಇಂಥ ಕಾರಣ ತೋರಿಸದೆ ಅಲ್ಲಿ ವಾಸಿಸಲು ಅವಕಾಶವಿಲ್ಲ. ಹೀಗಾಗಿ ರಜಾಮನೆ ಎಂಬುದಕ್ಕೇ ಅಲ್ಲಿ ಎಡೆಯಿಲ್ಲ. ಹಾಸಿಗೆಯ ಪ್ರಶ್ನೆಯನ್ನು ಬ್ಯಾನ್ಫ್ ಬುಡದಲ್ಲೇ ಹಿಡಿದಿದೆ, ಆದರೆ ನೆಲದ ಒಡೆತನವೇ ಸಾರ್ವಜನಿಕವಾಗಿರುವುದರಿಂದ ಅದು ಸಾಧ್ಯವಾಯಿತು. ಖಾಸಗಿ ನೆಲದ ಊರಿಗೆ ಆ ಅನುಕೂಲವಿಲ್ಲ.

ಕೊಲರಾಡೊದ ಟೆಲ್ಯುರೈಡ್ ಖಾಸಗಿ ನೆಲದ ಊರು. ಗಣಿ ಕಾಲದ ಬೀದಿಗಳು ಹಾಗೆಯೇ ಉಳಿದಿರುವ ಆ ಊರಿಗೆ ಮೂರು ಕಡೆ ಬೆಟ್ಟ, ಒಂದೇ ಕಡೆ ಬಯಲು. ಊರಿನ ಬಾಗಿಲಿನಂತಿದ್ದ ಆ 570 ಎಕರೆ ಕಣಿವೆ ನೆಲದಲ್ಲಿ ಮಾಲೀಕ ಸಂಸ್ಥೆ ಮನೆ, ಹೋಟೆಲುಗಳನ್ನು ಕಟ್ಟಲು ಬಯಸಿತ್ತು. ಊರು ಸಾರ್ವಜನಿಕ ಉದ್ದೇಶಕ್ಕೆಂದು ಅದನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ, 2007ರಲ್ಲಿ ನ್ಯಾಯಾಲಯದ ಜ್ಯೂರಿ ನಿಗದಿಪಡಿಸಿದ ಬೆಲೆ 5 ಕೋಟಿ ಡಾಲರ್. ಎರಡು ಸಾವಿರದಷ್ಟು ಜನರ ಊರು ಕೂಡಿಟ್ಟ ಹಣ, ಸಾಲ ಮತ್ತು ದೇಣಿಗೆಯಿಂದ ಅದನ್ನು ಒಟ್ಟುಮಾಡಿತು. 2008ರಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್ ಊರಿನ ಹಕ್ಕನ್ನು ಎತ್ತಿಹಿಡಿಯಿತು. ಈಗ ಅಲ್ಲಿ ನದಿ ತನ್ನಿಷ್ಟದಂತೆ ಬಳುಕುತ್ತದೆ, ಕಡವೆಯನ್ನು ಹೋಲುವ ಎಲ್ಕ್ ಹಿಂಡುಗಳು ಮೇಯುತ್ತವೆ.

ಆದರೆ ಅಷ್ಟು ದೊಡ್ಡ ದೇಣಿಗೆ ಕೊಟ್ಟವರ ಪಟ್ಟಿಯಲ್ಲಿ ಆ ಕಣಿವೆಯಲ್ಲಿ ರಜಾಮನೆ ಇಟ್ಟುಕೊಂಡ ಸಿರಿವಂತರೂ ಇದ್ದರು. ಕಣಿವೆ ಖಾಲಿ ಉಳಿದಷ್ಟೂ ಅವರ ಮನೆಗಳ ಬೆಲೆ ಏರಿತು. ಆ ಮನೆಗಳನ್ನು ಗುಡಿಸುವವರು, ಸ್ಕೀ ಲಿಫ್ಟು ನಡೆಸುವವರು, ಶಾಲೆಯಲ್ಲಿ ಪಾಠ ಹೇಳುವವರಲ್ಲಿ ಅನೇಕರು ಆ ಹಸಿರು ಬಯಲನ್ನು ದಿನವೂ ನೋಡುತ್ತಾರೆ, ಬೆಳಿಗ್ಗೆ ದೂರದ ಊರುಗಳಿಂದ ಬರುವಾಗ ಒಮ್ಮೆ, ಸಂಜೆ ಹಿಂತಿರುಗುವಾಗ ಇನ್ನೊಮ್ಮೆ.